ಸಂಶಯದ ಶಿವಪುತ್ರಣ್ಣ

ಶಿವಪುತ್ರಣ್ಣನ ಬೆನ್ನ ಹಿಂದೆ ನಿಂತು ಯಾರೂ ಮಾತಾಡುವಂತಿರಲಿಲ್ಲ. ಚಹಾದಂಗಡಿಗೆ ಹೋದರೆ ಗೋಡೆಗೆ ಹತ್ತಿದ ಬೆಂಚನ್ನೇ ಹುಡುಕುತ್ತಿದ್ದ. ಅಲ್ಲಿ ಬೇರೆ ಯಾರಾದರೂ ಕೂತಿದ್ದರೆ ಅವರು ಏಳುವ ತನಕ ನಿಂತೇ ಇರುತ್ತಿದ್ದ. ಕೂತ ಮೇಲೆ ಎದುರಿನವರ ಮುಖವನ್ನು, ಅದರಲ್ಲೂ ಬಾಯನ್ನು, ಕಳ್ಳನನ್ನು ವಿಚಾರಣೆ ಮಾಡುವ ಫೌಜದಾರನಂತೆ ದಿಟ್ಟಿಸುತ್ತಿದ್ದ. ಆಕಳಿಕೆ ಬಂತೆಂದು ಯಾರಾದರೂ ಬಾಯಿಗೆ ಕೈ ಅಡ್ಡ ಹಿಡಿದರೂ ಅವನಿಗೆ ಅನುಮಾನ. “ಏನಂದಿ? ಮಾರಿ ತೋರ್ಸಿ ಮಾತಾಡು. ಹಿಂದ ಆಡೂ ಮಾತು ನನ್ನ ಹತ್ರ ನಡ್ಯಂಗಿಲ್ಲ,” ಎನ್ನುತ್ತಿದ್ದ.

ಇಳಕಲ್ಲಿನ ಒಂದು ಗ್ರಾನೈಟ್ ಕಾರ್ಖಾನೆಯಲ್ಲಿ ಅವನು ಮೇಸ್ತ್ರಿ. ಮೀಸೆ ಚಿಗುರುವ ಮೊದಲೇ ಕಲ್ಲು ಕೊಯ್ಯುವ ಯಂತ್ರಗಳ ನಡುವೆ ಸೇರಿಕೊಂಡು ಅಲ್ಲಿಯೇ ತಲೆ ನರೆಸಿದವನು. ಸಂಜೆ ಕೈಕಾಲಿನ ಕಲ್ಲಿನ ಧೂಳು ತೊಳೆದುಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೀಬೋರ್ಡಿನ ಮುಂದೆ ನಿಂತನೆಂದರೆ ಬೇರೆಯೇ ಮನುಷ್ಯ. ‘ಕೆಂಪುಗಲ್ಲು ಮೆಲೊಡೀಸ್’ ಎಂಬ ನಮ್ಮ ಆರ್ಕೆಸ್ಟ್ರಾಕ್ಕೆ ಅವನೇ ಯಜಮಾನ. ಮದುವೆ, ಕಾಲೇಜಿನ ಗ್ಯಾದರಿಂಗ್, ಗಣೇಶನ ಪೆಂಡಾಲು, ಎಲ್ಲಿ ಕರೆದರೂ ಹೋಗುತ್ತಿದ್ದೆವು. ಹೊಟ್ಟೆಗೆ ನಮಗೆಲ್ಲ ಬೇರೆ ಬೇರೆ ಕೆಲಸಗಳಿದ್ದವು.

ನಾನು ಹುನಗುಂದದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ಓದುವ ಕಾಲದಲ್ಲಿ ಗೆಳೆಯನೊಬ್ಬನ ಕೋಣೆಯಲ್ಲಿ ಹಿಡಿದ ಬೇಸ್ ಗಿಟಾರು ನೌಕರಿ, ಮದುವೆ, ಮಕ್ಕಳು ಎಲ್ಲ ಆದ ಮೇಲೂ ನನ್ನ ಕೈ ಬಿಟ್ಟಿರಲಿಲ್ಲ. ಗಿಟಾರಿನಂತೆಯೇ ಕಾಣುವ, ನಾಲ್ಕೇ ದಪ್ಪ ತಂತಿಯ ವಾದ್ಯ ಅದು. ಅದರಲ್ಲಿ ಹಾಡಿನ ಧಾಟಿ ಬರುವುದಿಲ್ಲ. ಹಾಡಿನ ಅಡಿಗೆ ಗುಮ್ ಗುಮ್ ಎಂದು ನಡೆಯುತ್ತ ಹೋಗುವುದಷ್ಟೇ ಅದರ ಕೆಲಸ. ನಾನು ನುಡಿಸಿದ ಮದುವೆಯ ವಿಡಿಯೋ ನೋಡಿದ ನನ್ನ ಅತ್ತೆಯವರು, “ಎಲ್ಲಾರದೂ ಕೇಳ್ತೈತಿ, ನಿಮ್ಮದು ಯಾವ ದನಿ?” ಎಂದು ಕೇಳಿದ್ದರು. ನನಗೂ ತೋರಿಸಲಾಗಲಿಲ್ಲ.

ಶಿವಪುತ್ರಣ್ಣನ ಹಳೆಯ ಬೇಸ್‌ನವನು ಬಾಗಲಕೋಟೆಯ ಬೇರೊಂದು ಆರ್ಕೆಸ್ಟ್ರಾಕ್ಕೆ ಹೋಗಿಬಿಟ್ಟಿದ್ದ. ಆ ಜಾಗ ಖಾಲಿ ಇದೆಯೆಂದು ಕೇಳಿ ನಾನು ಇಳಕಲ್ಲಿಗೆ ಹೋದೆ. ಸೀರೆ ಅಂಗಡಿಯೊಂದರ ಮಾಳಿಗೆಯ ಮೇಲಿನ ಕೋಣೆಯಲ್ಲಿ ಅವರ ಪ್ರಾಕ್ಟೀಸು. ನುಡಿಸು ಎನ್ನುವ ಮೊದಲು ಅವನು ಕೇಳಿದ ಪ್ರಶ್ನೆಗಳು ಸರಕಾರಿ ನೌಕರಿಯ ಸಂದರ್ಶನದಲ್ಲೂ ನನಗೆ ಬಂದಿರಲಿಲ್ಲ. ಯಾರು ಕಳಿಸಿದರು, ಬಾಗಲಕೋಟೆಯವರ ಪರಿಚಯ ಉಂಟೋ, ಪಗಾರ ಬರುವ ಮಾಸ್ತರನಿಗೆ ಈ ಉಸಾಬರಿ ಯಾಕೆ, ಬಿಟ್ಟು ಹೋದವನ ಜೊತೆ ಫೋನಿನ ಮಾತು ಇದೆಯೋ. ಎಲ್ಲ ಕೇಳಿ ಮುಗಿಸಿ, ಚಪ್ಪಲಿ ಕಳಚಿ, ನನ್ನ ಸ್ಪೀಕರ್ ಇಟ್ಟಿದ್ದ ಹಲಗೆಯ ಮೇಲೆ ಬರಿಗಾಲಲ್ಲಿ ನಿಂತ. ನಾನು ನುಡಿಸುತ್ತ ಹೋದೆ. ಅವನು ಕಣ್ಣು ಮುಚ್ಚಿಕೊಂಡ. ಕೊನೆಗೆ ಕಣ್ಣು ತೆರೆದು, “ಮಾಸ್ತರ, ನೀ ಸುಳ್ಳ ಹೇಳಾಂವ ಅಲ್ಲ,” ಅಂದ. ಯಾರೂ ಎಂದೂ ಕೇಳಿಸಿಕೊಳ್ಳದ ನನ್ನ ವಾದ್ಯಕ್ಕೆ ಸಿಕ್ಕ ಮೊದಲ ಮೆಚ್ಚುಗೆ ಅದು. ಬಸ್ಸಿನಲ್ಲಿ ಹುನಗುಂದಕ್ಕೆ ಮರಳುವಾಗ ಆ ಮಾತನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಆಡಿಕೊಂಡೆ.

ತಂಡದಲ್ಲಿ ಇನ್ನಿಬ್ಬರಿದ್ದರು. ಹಾಡುವವಳು ಸವಿತಾ, ದವಾಖಾನೆಯೊಂದರಲ್ಲಿ ನರ್ಸ್. ಡ್ರಮ್ಸ್ ಬಾರಿಸುವವನು ಮೌಲಾ. ಹಗಲು ಬೈಕ್ ರಿಪೇರಿ ಮಾಡುತ್ತಿದ್ದ. ಇಬ್ಬರ ಮೇಲೂ ಶಿವಪುತ್ರಣ್ಣನಿಗೆ ತೀರದ ಸಂಶಯ. ಸವಿತಾ ಬೇಕಂತಲೇ ಸಾಲಿನ ಕೊನೆಯ ಅಕ್ಷರ ನುಂಗುತ್ತಾಳೆ ಎನ್ನುವನು. ಮೌಲಾ ಸಿಟ್ಟಿಗೆ ಸಿಂಬಲ್ ತಟ್ಟೆಯನ್ನು ಮುಟ್ಟುವುದೇ ಇಲ್ಲ, ಸುಮ್ಮನೆ ಕೈ ಆಡಿಸುತ್ತಾನೆ ಎನ್ನುವನು. ಮೌಲಾ ಅವನ ಎದುರಿಗೇ ಝಣ್ಣೆಂದು ಬಾರಿಸಿ ತೋರಿಸಿದರೆ, “ಈಗ ಬಾರಿಸಿದಿ, ಆಗ ಬಾರಿಸಿರ್ಲಿಲ್ಲ,” ಎಂದು ತೀರ್ಪು. ಅವರಿಬ್ಬರೂ ಮೊಬೈಲಿನಲ್ಲಿ ಏನೋ ನೋಡಿ ನಕ್ಕರೆ, ನಕ್ಕದ್ದು ತನ್ನನ್ನು ನೋಡಿಯೇ.

ನನ್ನ ಮೇಲೆ ಮಾತ್ರ ಒಂದು ದೂರೂ ಇರಲಿಲ್ಲ. “ಮಾಸ್ತರನ್ನ ನೋಡಿ ಕಲೀರಿ,” ಎನ್ನುತ್ತಿದ್ದ. ಇದರಿಂದ ನನಗೆ ಬಂದದ್ದು ಗೌರವವಲ್ಲ. ನಾನು ಮೆಟ್ಟಿಲು ಹತ್ತುವ ಸಪ್ಪಳ ಕೇಳಿದರೆ ಕೋಣೆಯೊಳಗಿನ ಮಾತು ನಿಲ್ಲತೊಡಗಿತು. ಕಾಗದದ ಮೇಲೆ ಹರವಿದ ಚುರುಮುರಿಯ ಗಿರ್ಮಿಟ್ ನಾನು ಹೋಗುವಷ್ಟರಲ್ಲಿ ಮುಗಿದಿರುತ್ತಿತ್ತು. ಒಂದು ದಿನ ಮೌಲಾ ಕೈ ಒರೆಸಿಕೊಳ್ಳುತ್ತ ಸಾವಕಾಶವಾಗಿ ಕೇಳಿದ:

“ಮಾಸ್ತರ್ರ, ನಾವು ಇಲ್ಲಿ ಆಡಿದ್ದು ಅಣ್ಣಗ ಹೆಂಗ ಮುಟ್ಟತೈತ್ರಿ?”

ನಾನು ಏನನ್ನೂ ಮುಟ್ಟಿಸಿರಲಿಲ್ಲ. ಆದರೆ ಅವನು ಅಷ್ಟು ಮೆತ್ತಗೆ ಕೇಳಿದಾಗ ಮುಟ್ಟಿಸಿದವನಂತೆಯೇ ತಡವರಿಸಿದೆ. ಅಲ್ಲಿಂದ ನನಗೂ ಸಂಶಯದ ರೋಗ ಹತ್ತಿತು. ಇವರಿಬ್ಬರೂ ಸೇರಿ ನನ್ನನ್ನು ಓಡಿಸಲು ನೋಡುತ್ತಿದ್ದಾರೆಯೇ? ಇಲ್ಲ, ಶಿವಪುತ್ರಣ್ಣನೇ ಒಬ್ಬನನ್ನು ಹೊಗಳಿ ಇಬ್ಬರನ್ನು ಬೈದು, ನಮ್ಮನ್ನು ಒಡೆದು ಇಟ್ಟಿದ್ದಾನೆಯೇ? ಎಲ್ಲರ ಬಾಯಿ, ಕಣ್ಣು ಗಮನಿಸುವುದು ರೂಢಿಯಾಯಿತು. “ನನ್ನ ಮಾರಿ ಯಾಕ ಹಂಗ ನೋಡಾಕತ್ತೀರಿ?” ಎಂದು ಮನೆಯಲ್ಲಿ ಹೆಂಡತಿಯೇ ಕೇಳಿದಳು.

ಹೀಗಿರುವಾಗ ಬಾದಾಮಿಯಲ್ಲಿ ಒಂದು ಮದುವೆಯ ಆರತಕ್ಷತೆಗೆ ಹೋದೆವು. ಹಲಗೆ ಜೋಡಿಸಿ ಕಟ್ಟಿದ ವೇದಿಕೆ. ಶಿವಪುತ್ರಣ್ಣ ಎಂದಿನಂತೆ ಚಪ್ಪಲಿ ಕೆಳಗೆ ಬಿಟ್ಟು, ನನ್ನ ಸ್ಪೀಕರಿನ ಪಕ್ಕಕ್ಕೇ ನಿಂತ. ವೇದಿಕೆಯ ಮೇಲೆ ಚಪ್ಪಲಿ ಹಾಕದಿರುವುದು ಅವನ ಭಕ್ತಿ ಎಂದೇ ನಾವೆಲ್ಲ ತಿಳಿದಿದ್ದೆವು. ಸವಿತಾ ಒಂದು ಹಳೆಯ ಸಿನಿಮಾ ಹಾಡು ಹಾಡುತ್ತಿದ್ದಳು. ನಡುವೆ ನನ್ನ ವೈರು ಒಳಗೇ ಎಲ್ಲೋ ಕಡಿದು ಬೇಸ್ ನಿಂತುಹೋಯಿತು.

ಬೇಸ್ ನಿಂತರೆ ಸಭೆಗೆ ಗೊತ್ತಾಗುವುದಿಲ್ಲ ಎಂಬುದು ನನ್ನ ಅನುಭವ. ಆದರೆ ಆ ದಿನ ಕೀಬೋರ್ಡು ಹಾದಿ ತಪ್ಪಿತು. ಸವಿತಾ ಚರಣದಲ್ಲಿದ್ದರೆ ಶಿವಪುತ್ರಣ್ಣ ಪಲ್ಲವಿಗೆ ಹೋಗಿದ್ದ. ಅವಳು ಎಷ್ಟು ದೊಡ್ಡ ದನಿ ಮಾಡಿದರೂ ಅವನು ಕೂಡಿಕೊಳ್ಳಲಿಲ್ಲ. ತನ್ನ ಕಾಲು ನೋಡಿಕೊಂಡ, ನನ್ನ ಕೈ ನೋಡಿದ. ಅವನ ಮುಖದಲ್ಲಿ ಅಂಥ ಹೆದರಿಕೆಯನ್ನು ನಾನು ಕಂಡಿರಲಿಲ್ಲ. ಮರುಕ್ಷಣ ನುಡಿಸುವುದನ್ನು ಬಿಟ್ಟು, ವಧೂವರರ ಎದುರಿಗೇ, ವೈರು ಒದ್ದವನು ಮೌಲಾ ಎಂದು ಕೂಗಾಡಿದ. ಬಾಗಲಕೋಟೆಯವರ ಕೈಯಲ್ಲಿ ಬಿದ್ದು ಕಾರ್ಯಕ್ರಮ ಕೆಡಿಸಲು ಬಂದಿದ್ದಾನೆ ಅಂದ.

ಮೌಲಾ ಕೋಲುಗಳನ್ನು ಕೆಳಗಿಟ್ಟ. “ಅಣ್ಣಾ, ನನ್ನ ಕಾಲು ಇಲ್ಲಿ ಅದಾವು, ವೈರ್ ಅಲ್ಲೈತಿ. ನಿನಗ ಬೇಕಾದ್ದು ನೋಡ್ತಿ,” ಎಂದಷ್ಟೇ ಹೇಳಿದ.

ಬೇರೆ ವೈರು ಹಾಕಿ ಹೇಗೋ ಮುಗಿಸಿದೆವು. ಇಳಿದ ಮೇಲೆ ಸವಿತಾ ಮತ್ತು ಮೌಲಾ ಇನ್ನು ಇವನ ಜೊತೆ ಬರುವುದಿಲ್ಲವೆಂದು ಹೇಳಿ ಬೇರೆ ಗಾಡಿ ಹಿಡಿದರು.

ಮುಂದಿನ ಭಾನುವಾರ, ಮುರಿದದ್ದನ್ನು ಜೋಡಿಸಲು ಆದೀತೇನೋ ಎಂದು ನಾನು ಶಿವಪುತ್ರಣ್ಣನ ಮನೆಗೆ ಹೋದೆ. ಅಡುಗೆಮನೆಗೆ ಹತ್ತಿದ ಪಡಸಾಲೆಯಲ್ಲಿ ಕೂರಿಸಿಕೊಂಡು, ಮೌಲಾ ಹೇಗೆ ಮೊದಲಿನಿಂದಲೂ ಪಿತೂರಿ ನಡೆಸಿದ್ದಾನೆ ಎಂದು ವಿವರಿಸತೊಡಗಿದ. ಒಳಗೆ ಕುಕ್ಕರ್ ಸೀಟಿ ಹೊಡೆಯಿತು. ಮತ್ತೆ ಹೊಡೆಯಿತು. ಅವನ ಹೆಂಡತಿ ನೀಲಾ ವೈನಿ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕುತ್ತಿದ್ದರು. ಸೀಟಿ ಕಿವಿ ತೂತು ಬೀಳುವಂತೆ ಕೂಗುತ್ತಲೇ ಇತ್ತು. ಶಿವಪುತ್ರಣ್ಣ ಹುಬ್ಬು ಕೂಡ ಅಲುಗಿಸದೆ ಅದೇ ದನಿಯಲ್ಲಿ ಮೌಲಾನ ಕಥೆ ಮುಂದುವರಿಸಿದ್ದ. ನಾನು ಅಡುಗೆಮನೆಯ ಕಡೆ ಮುಖ ತಿರುಗಿಸಿ, ಕುಕ್ಕರ್ ಕೂಗುತ್ತಿದೆ ಅಂದೆ. “ಏನಂದಿ? ಈ ಕಡೆ ನೋಡಿ ಹೇಳು,” ಅಂದ.

ವೈನಿ ಓಡಿ ಬಂದು ಒಲೆ ಆರಿಸಿದರು. ಅಷ್ಟರಲ್ಲಿ ಕಾರ್ಖಾನೆಯ ಆಳೊಬ್ಬ ಗೇಟಿನ ಹತ್ತಿರ ಕೈ ಬೀಸಿ ಕರೆದದ್ದನ್ನು ಕಂಡು ಶಿವಪುತ್ರಣ್ಣ ಎದ್ದು ಹೊರಗೆ ಹೋದ. ವೈನಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನನ್ನ ಮುಂದೆ ನಿಂತರು.

“ಮಾಸ್ತರ್ರ, ನೀವು ಕಣ್ಣಾರೆ ಕಂಡ್ರಿ. ಇವ್ರಿಗೆ ಕೀಚಲು ದನಿ ಯಾವುದೂ ಕೇಳಂಗಿಲ್ಲ. ಸೀಟಿ ಕೇಳಂಗಿಲ್ಲ, ಮೊಬೈಲ್ ಕೇಳಂಗಿಲ್ಲ, ಬಾಯಿ ನೋಡಿ ಮಾತು ಹಿಡೀತಾರ. ದವಾಖಾನಿಗೆ ನಡೀರಿ ಅಂತ ನಾ ಅಂದ್ರ ನನ್ನ ಮ್ಯಾಲೂ ಸಂಶಯ ಹುಟ್ಟತೈತಿ. ಈ ಮನಿ ಒಂದ್ರಾಗ ಅವ್ರು ನಿಶ್ಚಿಂತಿಯಿಂದ ಕುಂದರ್ತಾರ. ನೀವು ಹೇಳ್ರಿ, ನಿಮ್ಮ ಮಾತು ಕೇಳ್ತಾರ. ನನ್ನ ಹೆಸರು ಮಾತ್ರ ತಗೀಬ್ಯಾಡ್ರಿ.”

ಪ್ರತಿ ವರ್ಷ ಮಕ್ಕಳಿಗೆ ಶಬ್ದದ ಪಾಠ ಮಾಡುವ ನನಗೆ ಆಗ ಎಲ್ಲ ಬಿಡಿಸಿಕೊಂಡಿತು. ಕಲ್ಲು ಕೊಯ್ಯುವ ಗದ್ದಲ ಅವನ ಕಿವಿಯಿಂದ ಮೊದಲು ತೆಗೆದುಕೊಂಡದ್ದು ಏರು ಸ್ವರಗಳನ್ನು. ಸವಿತಾಳ ಕೊನೆಯ ಅಕ್ಷರಗಳು, ಮೌಲಾನ ಸಿಂಬಲ್ಲು ಅಲ್ಲಿಗೇ ಹೋಗಿದ್ದವು. ಅವರಿಬ್ಬರೂ ದೂರ ನಿಂತು ಆಡಿಕೊಂಡದ್ದನ್ನು ಅವನು ತುಟಿ ನೋಡಿಯೇ ಹಿಡಿದಿದ್ದ. ಉಳಿದದ್ದು ತಗ್ಗು ಸ್ವರ. ಅದೂ ಸಾಲದೆ ಹಲಗೆಯ ನಡುಕವನ್ನು ಅಂಗಾಲಿನಲ್ಲಿ ಹಿಡಿದು ಅವನು ತಾಳದ ಲೆಕ್ಕ ಕಾಯ್ದುಕೊಳ್ಳುತ್ತಿದ್ದ. ಅವನು ನನ್ನೊಬ್ಬನನ್ನೇ ನಂಬಿದ್ದ, ಯಾಕೆಂದರೆ ಅವನಿಗೆ ಪೂರ್ತಿ ಕೇಳುತ್ತಿದ್ದವನು ನಾನೊಬ್ಬನೇ. ಕನಿಕರ ಬಂತು ನಿಜ. ಅದಕ್ಕಿಂತ ಮೊದಲು, ನನಗೆ ಸಿಕ್ಕ ಒಂದೇ ಒಂದು ಮೆಚ್ಚುಗೆಯೂ ನನ್ನ ಕೈಚಳಕಕ್ಕೆ ಸಿಕ್ಕದ್ದಲ್ಲವೆಂಬುದು ಚುಚ್ಚಿತು.

ಎರಡು ದಿನ ಬಿಟ್ಟು ಪ್ರಾಕ್ಟೀಸಿನ ಕೋಣೆಯಲ್ಲಿ ಅವನ ಎದುರಿಗೆ ಕೂತು, ಮುಖ ಕೊಟ್ಟು, ಬಿಡಿಸಿ ಬಿಡಿಸಿ ಹೇಳಿದೆ. ಬಾಗಲಕೋಟೆಯಲ್ಲಿ ಕಿವಿಯ ಡಾಕ್ಟರಿದ್ದಾರೆ, ನಾನೇ ಜೊತೆಗೆ ಬರುತ್ತೇನೆ ಅಂದೆ. ಅವನು ಕದಲದೆ ಕೇಳಿದ. ಆಮೇಲೆ,

“ಯಾರು ಹೇಳಿದ್ರು ನಿನಗ?” ಅಂದ.

“ಯಾರೂ ಇಲ್ಲರಿ ಅಣ್ಣಾ. ಅವತ್ತ ಕುಕ್ಕರ್ ಕೂಗಿದ್ದು ನಿಮಗ ಕೇಳಲಿಲ್ಲ.”

“ಕುಕ್ಕರ್ ಬಂದು ನಿನಗ ಹೇಳ್ತೇನು? ಯಾರರೇ ಹೇಳ್ಯಾರ. ಕಿವುಡ ಅಂತ ಹೆಸರಿಟ್ಟು ನನ್ನ ಹೊರಗ ಹಾಕೂ ವಿಚಾರ ಐತಿ.” ಎದ್ದು ನಿಂತ. “ನಿನ್ನೊಬ್ಬನ್ನ ನಂಬಿದ್ದೆ, ಮಾಸ್ತರ.”

ಕೋಣೆಗೆ ಬೀಗ ಬಿತ್ತು. ನಾನು ಗಿಟಾರನ್ನು ಮನೆಗೆ ಒಯ್ದು ಕಪಾಟಿನ ಮೇಲಿಟ್ಟೆ. ಒಂದು ಸಲ ಮೌಲಾ ನನ್ನ ಶಾಲೆಯ ತನಕ ಬಂದು, ಅಣ್ಣನಿಗೂ ನನಗೂ ಏನು ನಡೆಯಿತೆಂದು ಕೇಳಿದ. ಅದು ಅವನ ಬಾಯಿಂದಲೇ ಬರಬೇಕಾದ ಮಾತು ಅಂದೆ. ಮೌಲಾ ನಂಬಲಿಲ್ಲ. ಇಬ್ಬರೂ ಕೂಡಿ ಏನೋ ಮುಚ್ಚಿಟ್ಟಿದ್ದೀರಿ ಎಂಬಂತೆ ನೋಡಿ ಹೊರಟುಹೋದ.

ಬೇಸಿಗೆ ಕಳೆಯಿತು. ಮಳೆ ಶುರುವಾದ ಮೇಲೆ ಶಿವಪುತ್ರಣ್ಣ ಮೂವರಿಗೂ ಬರಹೇಳಿದ. ಕೋಣೆಗೆ ಹೋದಾಗ ಎರಡೂ ಕಿವಿಗಳಲ್ಲಿ ಮಷೀನು ಹಾಕಿಕೊಂಡು ಕೀಬೋರ್ಡಿನ ಹಿಂದೆ ನಿಂತಿದ್ದ. ಜಗಳಕ್ಕೆ ಕರೆದವನಂತೆ ಗಡಸು ದನಿಯಲ್ಲಿ, “ನನಗ ಕಿವಿ ಕೇಳ್ತಿರ್ಲಿಲ್ಲ. ಮೌಲಾ, ಸವಿತಾ, ನಿಮಗ ಸುಳ್ಳ ಬೈದೆ. ತಪ್ಪಾತು. ಹ್ಞಾ, ಸುರು ಮಾಡ್ರಿ,” ಅಂದ. ಮೌಲಾ ನನ್ನ ಕಡೆ ನೋಡಿದ. ಹಾಡು ಶುರು ಮಾಡಿದೆವು. ಅರ್ಧಕ್ಕೆ ಅವನು ಕೈ ಎತ್ತಿದ.

“ಸವಿತಾ, ನೀ ಮೊದ್ಲಿಂದ್ಲೂ ಹಿಂಗ ಹಾಡ್ತಿದ್ದಿ?”

“ಹೌದಣ್ಣಾ.”

“ಚಲೋ ಹಾಡ್ತೀಯವ್ವಾ.” ಸ್ವಲ್ಪ ಹೊತ್ತು ಕೀಬೋರ್ಡಿನ ಮೇಲೆ ಕೈ ಆಡಿಸುತ್ತ ನಿಂತ. ನಂತರ ನನ್ನ ಕಡೆ ತಿರುಗಿದ. “ಮಾಸ್ತರ, ನೀ ಭಾಳ ಸಾವಕಾಶ ಬರ್ತಿ. ಹಾಡು ಮುಂದ ಹೋಗಿರ್ತೈತಿ, ನೀ ಇನ್ನೂ ಹಿಂದ.”

ಮೌಲಾ ನಗು ತಡೆಯಲಾರದೆ ಡ್ರಮ್ಮಿನ ಹಿಂದೆ ಬಗ್ಗಿದ. ಆ ದಿನ ಗಿರ್ಮಿಟ್‌ನ ಮೊದಲ ಪಾಲು ನನಗೆ ಬಂತು.

ಕಾರ್ಖಾನೆಯಲ್ಲಿ ವಿಷಯ ಗೊತ್ತಾಗಿ ಅವನನ್ನು ಯಂತ್ರಗಳ ಹತ್ತಿರದಿಂದ ತೆಗೆದು ಕಲ್ಲು ಲಾರಿಗೆ ಏರಿಸುವ ಅಂಗಳಕ್ಕೆ ಹಾಕಿದರು. ಅದು ಅವನಿಗೆ ಅವಮಾನವೇ. ಆದರೂ ಒಳಗೆ ಹೋಗುವ ಹೊಸಬರನ್ನು ತಡೆದು, ಕಿವಿಗೆ ಅರಳೆ ಇಟ್ಟುಕೊಂಡಿದ್ದಾರೋ ಇಲ್ಲವೋ ನೋಡಿಯೇ ಒಳಗೆ ಬಿಡುತ್ತಿದ್ದನಂತೆ. ಇಟ್ಟುಕೊಂಡಿದ್ದೇವೆ ಎಂದರೆ ನಂಬುತ್ತಿರಲಿಲ್ಲ.

ನನ್ನನ್ನೂ ಅವನು ಮತ್ತೆ ಮೊದಲಿನಂತೆ ನಂಬಿದನೆಂದು ನನಗೆ ಅನ್ನಿಸಲಿಲ್ಲ. ನಾವಿಬ್ಬರೇ ಸಿಕ್ಕಾಗಲೆಲ್ಲ ಅದೇ ಪ್ರಶ್ನೆ ತೆಗೆಯುತ್ತಿದ್ದ. ಪಟ್ಟದಕಲ್ಲಿನಲ್ಲಿ ಒಂದು ಕಾರ್ಯಕ್ರಮ ಮುಗಿಸಿ ಮರದ ನೆರಳಿಗೆ ಊಟಕ್ಕೆ ಕೂತಾಗ ಕೇಳಿದ. ಅವನ ಮಗಳ ಮದುವೆಯ ಗದ್ದಲದಲ್ಲಿ ಮೂಲೆಗೆ ಕರೆದು ಕೇಳಿದ. “ಖರೆ ಹೇಳು, ಯಾರು ಹೇಳಿದ್ರು?” ನಾನು ಕುಕ್ಕರ್ ಎನ್ನುತ್ತಿದ್ದೆ. ಅವನು ತಲೆ ಅಲ್ಲಾಡಿಸುತ್ತಿದ್ದ. ಇಷ್ಟು ವರ್ಷ ಕೂಡಿ ನುಡಿಸಿದರೂ ಇವನ ಕಣ್ಣಿನಲ್ಲಿ ನಾನು ಯಾರದೋ ಕೈಯಾಳೇ ಎಂದು ನನಗೆ ಬೇಸರವಾಗುತ್ತಿತ್ತು.

ಕೊನೆಯ ಸಲ ನೋಡಿದ್ದು ಇಳಕಲ್ಲಿನ ಬಸ್ ನಿಲ್ದಾಣದಲ್ಲಿ. ಗದ್ದಲದ ನಡುವೆ ನನ್ನ ಗಿಟಾರಿನ ಚೀಲವನ್ನು ತಾನೇ ಎತ್ತಿ ಬಸ್ಸಿನೊಳಗೆ ಕೊಟ್ಟ. ಬಸ್ಸು ಬಿಡುವಾಗ ಕಿಟಕಿಯ ಹತ್ತಿರ ಬಂದು, “ಕುಕ್ಕರ್ ಅಂತಿ ಹಂಗಾರ?” ಅಂದ. “ಹೌದ್ರಿ ಅಣ್ಣಾ,” ಅಂದೆ. ಅದೇ ವಾರ, ಕಾರ್ಖಾನೆಯ ಅಂಗಳದಲ್ಲಿ ಕಲ್ಲಿನ ಮೇಲೆ ಕೂತವನು ಕೂತಲ್ಲೇ ಹೋಗಿಬಿಟ್ಟ.

ದಿನಕರ್ಮಗಳೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ವೈನಿಯನ್ನು ಮಾತಾಡಿಸಲು ಹೋದೆ. ಚಹಾ ಕೊಟ್ಟು ಎದುರಿಗೆ ಕೂತರು. ನನ್ನೊಳಗೆ ಇದ್ದದ್ದನ್ನು ಹೇಳಿದೆ: ಕೊನೆಯ ತನಕ ಅಣ್ಣ ನನ್ನನ್ನು ನಂಬಲಿಲ್ಲ, ನಿಮ್ಮ ಹೆಸರು ನಾನು ಹೇಳಲಿಲ್ಲ, ಅವನು ಕೇಳುವುದನ್ನು ಬಿಡಲಿಲ್ಲ.

ವೈನಿ ನನ್ನನ್ನೇ ನೋಡಿದರು.

“ಅವ್ರಿಗೆ ಗೊತ್ತಿತ್ತಲ್ರಿ. ಬಾಗಲಕೋಟಿ ದವಾಖಾನಿಗೆ ಹೋಗೂದಕ್ಕಿಂತ ಮೊದಲ ನಾನ ಬಾಯಿ ಬಿಟ್ಟಿದ್ದೆ. ಮಾಸ್ತರಗ ಹೇಳಿದಾಕಿ ನಾನು ಅಂತ.”

“ಮತ್ತ ನನ್ನ ಯಾಕ ಕೇಳ್ತಿದ್ರು?”

“ನೀವು ನನ್ನ ಹೆಸರು ಬಿಟ್ಟುಕೊಡ್ತೀರೇನಂತ ನೋಡಾಕ. ಪ್ರತಿ ಸಲ ಮನಿಗೆ ಬಂದು, ‘ಇವತ್ತೂ ಹೇಳ್ಲಿಲ್ಲ ನೋಡು ಮಾಸ್ತರ’ ಅಂತ ನಗ್ತಿದ್ರು. ನಿಮ್ಮನ್ನ ಬಸ್ಸಿಗೆ ಹತ್ತಿಸಿ ಬಂದ ದಿನಾನೂ ನಕ್ಕರು.” ಖಾಲಿ ಬಟ್ಟಲನ್ನು ನನ್ನ ಕೈಯಿಂದ ತೆಗೆದುಕೊಂಡು ಎದ್ದರು. “‘ಮುಂದಿನ ಸಲ ಬಂದಾಗ ಮತ್ತ ಕೇಳ್ತೇನಿ’ ಅಂದಿದ್ರು.”