ಮಾರಮ್ಮನಿಗೆ ಸುಂಕ ಹಾಕಿದವನು

ಕೊಡಗು ರಾಜ್ಯದ ಉತ್ತರದ ಹೆಬ್ಬಾಗಿಲನ್ನು, ಅಂದರೆ ಶನಿವಾರಸಂತೆಯಾಚೆ ರಸ್ತೆಗೆ ಅಡ್ಡ ಇಟ್ಟ ಒಂದು ಬಿದಿರು ಗಳವನ್ನು, ಕಾಯುತ್ತಿದ್ದ ಮಹಾವೀರ ಸಿದ್ದರಾಜು. ಗಳದಾಚೆ ಮೈಸೂರು ರಾಜ್ಯ. ಸುಂಕದವನ ಮುಂದೆ ಸುಖದುಃಖ ಹೇಳಬೇಡ ಎಂಬ ಗಾದೆಯನ್ನು ಅವನು ತನಗೆ ಸಂದ ಬಿರುದೆಂದೇ ತಿಳಿದಿದ್ದ.

ಏಲಕ್ಕಿ ವ್ಯಾಪಾರಿ ಪರಮೇಶಪ್ಪ ಬಂದು ಕೆಣಕುತ್ತಿದ್ದ. "ಸಿಲೋನು, ಬರ್ಮಾ, ಎಲ್ಲಾ ಕಡೆ ಮಾಲೂ ಸುಂಕ ಇಲ್ದೆ ಓಡಾಡ್ಬೇಕು ಕಣೋ. ದೇಶದೇಶಕ್ಕೂ ಗಳ ಹಾಕಿದ್ರೆ ಜನ ಬದುಕೋದು ಹೆಂಗೆ?"

"ಬಾಗ್ಲಿಲ್ಲದ ಮನೇಲಿ ನಾಯಿ ಉಂಡುಹೋಯ್ತದೆ, ಅಣ್ಣ. ಸಿಲೋನಿನ ಏಲಕ್ಕಿ ಅಗ್ಗಕ್ಕೆ ಬಂದ್ರೆ ನಿಮ್ಮದನ್ನ ಯಾರು ಮೂಸ್ತಾರೆ? ದೇವರೇ ಬಂದ್ರೂ ನಾನು ಸುಂಕ ಬಿಡಾಕಿಲ್ಲ."

ಆ ಮಾತು ಯಾರಿಗೆ ಕೇಳಿಸಬಾರದೋ ಅವರಿಗೆ ಕೇಳಿಸಿತು.

ಒಂದು ಮಂಜಿನ ಬೆಳಿಗ್ಗೆ ಗಳದ ಕೆಳಗೆ ಬುಟ್ಟಿಯೊಂದು ಕೂತಿತ್ತು. ಬೇವಿನಸೊಪ್ಪು, ಕೆಂಪು ರವಿಕೆ ಕಣ, ಹಸಿರು ಗಾಜಿನ ಬಳೆ, ತೆಂಗಿನಕಾಯಿ. ಆಚೆಯ ಊರಲ್ಲಿ ಸಿಡುಬೆದ್ದಿತ್ತು. ಅಲ್ಲಿಯವರು ಪದ್ಧತಿಯಂತೆ ಮಾರಮ್ಮನನ್ನು ಬುಟ್ಟಿಯಲ್ಲಿಟ್ಟು ಗಡಿ ದಾಟಿಸಿ, ತಿರುಗಿ ನೋಡದೆ ಹೋಗಿದ್ದರು. ಈಚೆಯವರು ಅದನ್ನು ಕೈಯಿಂದ ಮುಟ್ಟದೆ, ಕೋಲಿನಲ್ಲಿ ಎತ್ತಿ ಮುಂದಿನ ಗಡಿಗೆ ಸಾಗಿಸಬೇಕು. ನಮ್ಮ ವೀರನೋ, ಮಾಲು ಮಾಲೇ ಎಂದು ಕಾಯನ್ನು ಸುಂಕವಾಗಿ ಎತ್ತಿಕೊಂಡು, ಪಕ್ಕದ ಸುಂಕದ ಗುಡಿಸಲಲ್ಲಿ ಚಟ್ನಿ ಅರೆದ.

ಉಂಡು ಕೈ ತೊಳೆಯಲು ಹೊರಬಂದಾಗ ಬುಟ್ಟಿ ಇರಲಿಲ್ಲ. ಬೆನ್ನ ಹಿಂದೆ, ಖಾಲಿ ಗುಡಿಸಲೊಳಗೆ, ಯಾರೋ ಬಳೆ ಸರಿಸಿಕೊಂಡರು.

ಸುದ್ದಿ ಕೇಳಿ ಬಂದ ತಾಯಿ ಹುಚ್ಚಮ್ಮ ದೂರದಲ್ಲೇ ನಿಂತಳು. "ಸುಂಕ ತಗೊಂಡ್ಮೇಲೆ ಒಳಕ್ಕೆ ಬಿಟ್ಟಂಗೇ ಕಣ್ ಮಗಾ. ನೀನು ಹೋದ ಮನೆಗೆ ಅವಳೂ ಬತ್ತಾಳೆ. ಮನೇಲಿ ಮಗು ಅದೆ."

ಹೆಂಡತಿಯನ್ನು ಹಿಂದೆಯೇ ಸಿಡುಬು ಒಯ್ದಿತ್ತು. ಉಳಿದವಳು ಆರು ವರ್ಷದ ದಮಯಂತಿ.

ಸಿದ್ದರಾಜು ಪರಮೇಶಪ್ಪನ ಅಂಗಡಿಗೆ ಓಡಿದ. "ಅಣ್ಣ, ಈ ಮಾರಮ್ಮನ್ನ ಕರ್ಕೊಳ್ಳಿ. ಸುಂಕ ಇಲ್ಲ."

ಮುಕ್ತ ವ್ಯಾಪಾರದ ಧುರೀಣ ಬಾಗಿಲು ಹಾಕಿ ಅಗಳಿ ಜಡಿದ. ಒಳಗಿನಿಂದ ದನಿ ಬಂತು: "ಈ ಒಂದು ಮಾಲಿಗೆ ಗಳ ಇರ್ಲಿ ಕಣಪ್ಪ."

ಸಿದ್ದರಾಜು ಮತ್ತೆ ಮನೆ ತುಳಿಯಲಿಲ್ಲ. ಅಮ್ಮ ಹೊರಬರದಂತೆ ಸುಂಕದ ಗುಡಿಸಲ ಬಾಗಿಲಿಗೂ ಒಂದು ಗಳ ಅಡ್ಡ ಹಾಕಿ, ಹೊರಗೆ ಜಗಲಿಯ ಮೇಲೆ ಮಲಗಿದ. ಒಳಗೆ ಬಳೆ ಸದ್ದು. ಊರಲ್ಲಿ ಒಂದು ಮಗುವಿಗೂ ಸಿಡುಬು ಬರಲಿಲ್ಲ. ದಮಯಂತಿ ದೂರದ ಕಲ್ಲಿನ ಮೇಲೆ ಬುತ್ತಿ ಇಟ್ಟು ಹೋಗುತ್ತಿದ್ದಳು. ಅಪ್ಪ ಬೆಚ್ಚಬಾರದೆಂದು ಅವಳು ಬಳೆ ತೊಡುವುದನ್ನೇ ಬಿಟ್ಟಳು.

ವರ್ಷಗಳು ಹೋದವು. ಕೊಡಗು ಮೈಸೂರಿಗೆ ಸೇರಿತು. ಆಳುಗಳು ಬಂದು ರಸ್ತೆಯ ಗಳವನ್ನೂ ಗುಡಿಸಲ ಗಳವನ್ನೂ ಒಟ್ಟಿಗೇ ಕಿತ್ತರು. ಪರಮೇಶಪ್ಪ ಬೆಲ್ಲ ಹಂಚಿದ. ಗುಡಿಸಲೊಳಗೆ ಇಣುಕಿದರೆ ಏನೂ ಇಲ್ಲ, ಸದ್ದೂ ಇಲ್ಲ.

"ಅಪ್ಪಯ್ಯ, ಇನ್ಮೇಲೆ ಗಡಿಯೇ ಇಲ್ವಂತೆ. ಮನೆಗೆ ಬಾ" ಎಂದು ದಮಯಂತಿ ಅವನ ಕೈ ಹಿಡಿದಳು.

ಇಬ್ಬರೂ ಮಂಜಿನಲ್ಲಿ ನಡೆದರು. ಹೆಜ್ಜೆ ಹೆಜ್ಜೆಗೂ ಅವಳ ಬರಿಗೈಯಿಂದ ಬಳೆಗಳ ಸದ್ದು ಬರುತ್ತಿತ್ತು.