ಮಲಗುವ ಸರದಿ

ಕೆಂಗೇರಿಯ ಆಚೆಗಿನ ಫಿಸಿಯೋಥೆರಪಿ ಕಾಲೇಜೊಂದರಲ್ಲಿ ನಾನು ಅರೆಕಾಲಿಕ ಸಂಶೋಧನಾ ಸಹಾಯಕಿಯಾಗಿದ್ದೆ. ಅಲ್ಲಿ ಎಲ್ಲ ಬಗೆಯ ವಿದ್ಯಾರ್ಥಿಗಳಿಗೂ ಸಮಾನವಾಗಿ ಕಲಿಯುವ ಅವಕಾಶವಿದೆಯೇ ಎಂಬುದು ನಮ್ಮ ಅಧ್ಯಯನದ ಪ್ರಶ್ನೆ. ಅದನ್ನು ರೂಪಿಸಿದವರು ಹಿರಿಯ ಪ್ರಾಧ್ಯಾಪಕಿ. ವಿದ್ಯಾರ್ಥಿಗಳನ್ನು ಮಾತನಾಡಿಸುವ ಕೆಲಸ ನನ್ನದು. ಚರ್ಚಾಸ್ಪರ್ಧೆಗಳ ವೇದಿಕೆಯಲ್ಲಿ ಬೆಳೆದವಳು ನಾನು. ಸರಿಯಾದ ವಾದವನ್ನು ಸರಿಯಾದವರ ಮುಂದಿಟ್ಟರೆ ಲೋಕ ಒಂದಿಷ್ಟಾದರೂ ಬದಲಾದೀತೆಂದು ನಂಬಿದ್ದೆ.

ಫಿಸಿಯೋಥೆರಪಿ ಕಲಿಯುವವರು ರೋಗಿಗಳನ್ನು ಮುಟ್ಟುವ ಮೊದಲು ಪರಸ್ಪರರನ್ನೇ ಮುಟ್ಟಿ ಕಲಿಯುತ್ತಾರೆ. ಒಬ್ಬರು ಮಂಚದ ಮೇಲೆ ಬೋರಲಾಗಿ ಮಲಗಿದರೆ, ಉಳಿದವರು ಬೆನ್ನೆಲುಬಿನ ಮಣಿಗಳನ್ನು ಬೆರಳಿನಿಂದ ಗುರುತಿಸಬೇಕು. ಸರದಿ ಬದಲಾಗುತ್ತಿರಬೇಕು. ಒಂದು ತಂಡದಲ್ಲಿ ಮಾತ್ರ ಅದು ಬದಲಾಗುತ್ತಲೇ ಇರಲಿಲ್ಲ. ರಾಯಚೂರಿನ ಕಡೆಯಿಂದ ಬಂದು, ಕಾಮಾಕ್ಷಿಪಾಳ್ಯದಲ್ಲಿ ಗಾರ್ಮೆಂಟ್ಸ್‌ಗೆ ಹೋಗುವ ಚಿಕ್ಕಮ್ಮನ ಮನೆಯಲ್ಲಿದ್ದ ಹುಡುಗಿಯೊಬ್ಬಳೇ ಸದಾ ಮಲಗುತ್ತಿದ್ದಳು.

ಮಾರೇನಹಳ್ಳಿಯ ಹೋಟೆಲೊಂದರಲ್ಲಿ ಅವಳನ್ನು ಮಾತನಾಡಿಸಿದೆ. ಅವಳ ಕಾಫಿ ಮುಟ್ಟದೆಯೇ ಆರುತ್ತಿತ್ತು.

"ನಾನ ಹೇಳೀನಂತ ಯಾರಿಗೂ ಗೊತ್ತಾಗಂಗಿಲ್ಲಲ್ರಿ, ಅಕ್ಕಾ?"

"ಹೆಸರೂ ಇರಲ್ಲ, ಗುರುತೂ ಇರಲ್ಲ," ಎಂದೆ.

"ಇಂಗ್ಲಿಷ್ ಪಾಠ ನನಗ ತಿಳಿಯೂದು ತಡ ಆಗ್ತದ್ರಿ. 'ನೀನ್ ಮಲ್ಕೊಳೇ, ನಾವ್ ಮಾಡ್ತೀವಿ' ಅಂತಾರ. ನನ್ ಬೆನ್ನು ಎಲ್ಲಾರಿಗೂ ಪಾಠ ಆಗೇದ. ನನ್ ಕೈಗೆ ಯಾರ ಬೆನ್ನೂ ಸಿಕ್ಕಿಲ್ಲ. ಪ್ರಾಕ್ಟಿಕಲ್ ಪರೀಕ್ಷೆದಾಗ ಏನ್ ಮಾಡ್ಲಿ?"

ನಾನು ಬರೆದುಕೊಟ್ಟ ಈ ಮಾತುಗಳನ್ನು ಓದಿ ಪ್ರಾಧ್ಯಾಪಕಿ ಮೇಡಂ ಹಿಗ್ಗಿದರು. "ಎಂಥಾ ಮಾತು ಕಣೇ! ವರದಿಲಿ ಹಿಂಗೇ ಹಾಕ್ಬೇಕು."

ಆ ತರಗತಿಯಲ್ಲಿ ಹೀಗೆ ಮಾತನಾಡುವವಳು ಅವಳೊಬ್ಬಳೇ, ಆ ಮಾತೇ ಅವಳ ಮುಖವಿದ್ದಂತೆ ಎಂದು ನಾನು ವಾದಿಸಿದೆ. ಕಡೆಗೆ ಅವರು ನಕ್ಕರು. "ನಿನ್ನ ಹತ್ರ ವಾದ ಮಾಡಿ ಗೆಲ್ಲಕ್ಕಾಗುತ್ತಾ? ತೆಗೀತೀನಿ ಬಿಡಮ್ಮ." ಗೆದ್ದೆನೆಂಬ ಹೆಮ್ಮೆಯಲ್ಲೇ ನಾಗರಬಾವಿಯ ಬಾಡಿಗೆ ಕೋಣೆಗೆ ಮರಳಿದೆ.

ಕಾಲೇಜಿನಲ್ಲೇ ನಡೆದ ವಿಚಾರ ಸಂಕಿರಣದ ದಿನ ಸಭಾಂಗಣದ ಪರದೆಯ ಮೇಲೆ ಅವಳ ಮಾತು ಮೂಡಿತು, ಒಂದಕ್ಷರವೂ ಬದಲಾಗದೆ. ಮೇಡಂ ಅದನ್ನು ಗದ್ಗದಿತರಾಗಿ ಓದಿದರು. ನನ್ನ ಹಿಂದಿನ ಸಾಲಿನಲ್ಲಿ ಒಬ್ಬ, "ಮಗಾ, ನಮ್ಮ ಮಂಚದ ಮಹಾರಾಣಿ ಕಣೋ!" ಎಂದ. ನಗೆ ಸಾಲಿನುದ್ದಕ್ಕೂ ಹರಿಯಿತು. ಮುಂದೆ ಕುಳಿತಿದ್ದ ಅವಳು ನಕ್ಕವರತ್ತ ನೋಡಲಿಲ್ಲ. ಹಿಂತಿರುಗಿ ನನ್ನನ್ನು ಹುಡುಕಿದಳು.

"ತೆಗೀತೀನಿ ಅಂದಿದ್ರಿ, ಮೇಡಂ," ಎಂದೆ, ಸಭೆ ಮುಗಿದ ಮೇಲೆ.

"ಹೆಸರು ಹಾಕಿಲ್ವಲ್ಲಮ್ಮ! ಎಷ್ಟ್ ಜನ ಕಣ್ಣೊರೆಸ್ಕೊಂಡ್ರು, ನೋಡಿದ್ಯಾ?"

ಎದುರಾಳಿ ಒಪ್ಪಿದರೆ ವಾದ ಮುಗಿಯಿತೆಂದು ನನಗೆ ಕಲಿಸಿದ್ದರು. ವಾದವನ್ನು ಮುಗಿಸುವುದಕ್ಕಾಗಿಯೇ ಒಪ್ಪುವವರೂ ಇರುತ್ತಾರೆಂದು ಯಾರೂ ಹೇಳಿರಲಿಲ್ಲ.

ಸರದಿ ಕಡ್ಡಾಯವಾಗಿ ಬದಲಾಗಬೇಕೆಂಬ ಸೂಚನೆ ತರಗತಿಯ ಗೋಡೆಯ ಮೇಲೆ ಬಂತು. ನಮ್ಮ ಅಧ್ಯಯನದ ಫಲವೆಂದು ಮೇಡಂ ಎಲ್ಲರಿಗೂ ಹೇಳಿಕೊಂಡರು. ಆದರೆ ಅವಳು ಮಂಚದ ಪಕ್ಕ ನಿಲ್ಲುವ ಸರದಿ ಬಂದಾಗಲೆಲ್ಲ ಒಬ್ಬಳಿಗೆ ಬೆನ್ನುನೋವು, ಇನ್ನೊಬ್ಬಳಿಗೆ ಮನೆಯಿಂದ ಫೋನು. ಒಂದು ಮಧ್ಯಾಹ್ನ ನಾನು ಹೋದಾಗ, ಖಾಲಿ ಮಂಚದ ಹೊದಿಕೆಯನ್ನು ಅವಳು ಮತ್ತೆ ಮತ್ತೆ ಸರಿಪಡಿಸುತ್ತಿದ್ದಳು. ಪರೀಕ್ಷೆ ಹತ್ತಿರ ಬಂದಿತ್ತು.

"ನಾನು ಮಲಗ್ತೀನಿ," ಎಂದೆ.

"ನೀವು ನಮ್ ಕ್ಲಾಸಿನವ್ರಲ್ಲಲ್ರಿ."

"ಬೆನ್ನಿದೆಯಲ್ಲ."

ಹೊದಿಕೆಯನ್ನು ಇನ್ನೊಮ್ಮೆ ಎಳೆದು ಮಂಚ ತೋರಿಸಿದಳು. ಕತ್ತಿನ ಬುಡದಿಂದ ಅವಳ ತಣ್ಣನೆಯ ಬೆರಳುಗಳು ಇಳಿಯತೊಡಗಿದವು; ನಡುವೆ ದಾರಿ ತಪ್ಪಿ ಮತ್ತೆ ಮೇಲೇರಿದವು. ಬೋರಲಾಗಿದ್ದ ನನಗೆ ಅವಳ ಮುಖ ಕಾಣುತ್ತಿರಲಿಲ್ಲ.

"ಆ ಮಾತು ತೆಗೀರಿ ಅಂತ ನಾನು ಅವರಿಗೆ..."

"ಮಾತಾಡಬ್ಯಾಡ್ರಿ. ಎಣಿಕಿ ತಪ್ತದ."

ಸೊಂಟದ ಹತ್ತಿರ ಬೆರಳು ನಿಂತಿತು, ಒತ್ತಿತು.

"ನೋವಾದ್ರ ಹೇಳ್ರಿ, ಅಕ್ಕಾ," ಎಂದಳು. "ನಾ ಯಾರಿಗೂ ಹೇಳಂಗಿಲ್ಲ."