ಆಯಿ ಗೋಡೆಯತ್ತ ತಿರುಗಿದ್ದು

ಬೀದರಿನ ಕೊರೋನಾ ವಾರ್ಡಿನಲ್ಲಿ ನರ್ಸ್ ಆಗಿದ್ದಾಗ ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಮೂಗಿನ ಮೇಲೆ ಎರಡೆರಡು ಮಾಸ್ಕ್ ಇದ್ದರೂ ಅದು ಹೇಗೋ ಹೊರಗೆ ಬರುತ್ತಿತ್ತು. ಪ್ಲಾಸ್ಟಿಕ್ಕಿನ ಅಂಗಿಯೊಳಗೆ ಬೆವರು ಕಾಲಿಗಿಳಿಯುತ್ತಿತ್ತು. ಜೊತೆಗೆ ಕೆಲಸ ಮಾಡುತ್ತಿದ್ದ ಇಬ್ಬರು ನರ್ಸುಗಳು ಆಗಲೇ ಅದೇ ವಾರ್ಡಿನಲ್ಲಿ ರೋಗಿಗಳಾಗಿ ಮಲಗಿದ್ದರು. ಭಾಲ್ಕಿಯ ತವರಿನವರು ಕೆಲಸ ಬಿಟ್ಟು ಬಾ ಎಂದು ಫೋನಿನಲ್ಲೇ ಅಳುತ್ತಿದ್ದರು. ಬೀದರಿನದೇ ಚಿದ್ರಿ ಬಡಾವಣೆಯ ನಮ್ಮ ಮನೆಯಲ್ಲಿ ಮಗಳು ಇನ್ನೂ ಚಿಕ್ಕವಳು. ನನ್ನಿಂದ ಅವಳಿಗೂ ಬಂದೀತೆಂಬ ಹೆದರಿಕೆ ಎದೆಯಲ್ಲಿ ಕುಳಿತುಬಿಟ್ಟಿತ್ತು.

ಅಂಥ ದಿನಗಳಲ್ಲಿ ಸಂತಪುರದಿಂದ ಒಬ್ಬ ಮುದುಕಿ ಬಂದಳು. ಆಕ್ಸಿಜನ್ ಮಾಸ್ಕ್ ಸರಿಸಿದರೆ ಸಾಕು, ಏದುಸಿರು. ಬೆಳಿಗ್ಗೆ ನೀರು ಹಿಡಿದರೆ ತಲೆ ಅಲ್ಲಾಡಿಸಿದಳು.

“ಲಿಂಗಪೂಜಿ ಆಗ್ಲಾರ್ದ ನೀರ ಮುಟ್ಟಂಗಿಲ್ಲ, ಯವ್ವಾ.”

“ಆಯಿ, ಜೀವ ಇದ್ರ ಪೂಜಿ. ಮೊದಲ ಗುಳಗಿ ತಗೋರಿ,” ಎಂದು ಗದರಿದೆ.

“ಬುದ್ಧಿ ಬಂದಾಗಿಂದ ಒಂದಿನಾ ತಪ್ಪಿಲ್ಲ. ಈಗ ಹ್ಯಾಂಗ ಬಿಡ್ಲಿ?”

ಹಟಕ್ಕೆ ಬಿದ್ದ ಮುದುಕಿಯ ಮುಂದೆ ಯಾವ ಡಾಕ್ಟರ ಆಟವೂ ನಡೆಯುವುದಿಲ್ಲ. ಗೊಣಗುತ್ತಲೇ ಅವಳನ್ನು ಎಬ್ಬಿಸಿ ಕೂರಿಸಿದೆ. ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈ ಮೇಲಿಟ್ಟುಕೊಂಡಳು. ಕೈ ಗಡಗಡ ನಡುಗುತ್ತಿತ್ತು. ಲಿಂಗ ಬಿದ್ದೀತೆಂದು ಕೆಳಗಿನಿಂದ ನನ್ನ ಕೈ ಆನಿಸಿದೆ. ಮಾಸ್ಕಿನೊಳಗೇ ಅವಳ ತುಟಿ ಅಲ್ಲಾಡಿತು. ವಾರ್ಡಿನ ಯಂತ್ರಗಳೆಲ್ಲ ಕೂಗುತ್ತಿದ್ದವು, ಅವಳು ಮಾತ್ರ ಅಂಗೈಯನ್ನೇ ನೋಡುತ್ತ ಕೂತಿದ್ದಳು. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಪೂಜೆ ಮುಗಿಯಿತು. ನೀರು ಕುಡಿಸಲು ಬಾಗಿ ಅವಳ ಮಾಸ್ಕ್ ಸರಿಸಿದೆ. ಅವಳ ಮುಖಕ್ಕೂ ನನ್ನ ಮುಖಕ್ಕೂ ಗೇಣು ಅಂತರ. ಗುಟುಕು ಇಳಿಯುತ್ತಿದ್ದಂತೆ ಕೆಮ್ಮು ಒತ್ತರಿಸಿ ಬಂತು. ಅವಳು ತಟ್ಟನೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಯತ್ತ ತಿರುಗಿಬಿಟ್ಟಳು. ಮಾಸ್ಕ್ ಹಾಕಲು ಹೋದರೆ ಮೊಣಕೈಯಿಂದ ನನ್ನನ್ನೇ ದೂಡಿದಳು. ಆಕ್ಸಿಜನ್ ತೋರಿಸುವ ಅಂಕಿ ಇಳಿಯುತ್ತಲೇ ಹೋಯಿತು. ಉಗುರುಗಳು ನೀಲಿಯಾದವು.

“ಆಯಿ, ಇತ್ತಾಗ ತಿರುಗ್ರಿ! ಸಾಯ್ತೀರಿ!” ಎಂದು ಚೀರಿದೆ.

ತಿರುಗಲಿಲ್ಲ. ಕೆಮ್ಮು ಪೂರ್ತಿ ನಿಂತ ಮೇಲಷ್ಟೇ ಸೆರಗು ತೆಗೆದು ಮುಖ ಕೊಟ್ಟಳು.

ತಕ್ಷಣ ಅವಳಿಗೆ ಮಾಸ್ಕ್ ಕಟ್ಟಿದೆ. ಉಸಿರಿಗಾಗಿ ಊರು ಬಿಟ್ಟು ಬಂದವಳು, ತನ್ನ ಕೆಮ್ಮು ನನಗೆ ಸೋಕಬಾರದೆಂದು ಆ ಉಸಿರನ್ನೇ ಬೇಡವೆಂದಿದ್ದಳು. ಇಷ್ಟು ವರ್ಷದ ನೌಕರಿಯಲ್ಲಿ ಅಂಥದ್ದನ್ನು ನಾನು ಕಂಡಿರಲಿಲ್ಲ.

ಅಂಕಿ ಮೆಲ್ಲಗೆ ಮೇಲೇರಿತು. ಆ ದಿನಗಳಲ್ಲಿ ನನ್ನನ್ನು ಕಂಡವರೆಲ್ಲ ತಮಗೆಲ್ಲಿ ಅಂಟೀತೋ ಎಂದು ದೂರ ಸರಿಯುತ್ತಿದ್ದರು. ಮಾತಾಡುವಷ್ಟು ದಮ್ಮು ಬಂದ ಮೇಲೆ ಆಯಿ ಕಣ್ಣು ತೆರೆದು ನನ್ನನ್ನು ಹುಡುಕಿದಳು.

“ನನ್ನ ಕೆಮ್ಮ ನಿನಗ ತಾಕ್ಲಿಲ್ಲಲ್ಲ, ಯವ್ವಾ?”